ಸಾವಿನ ಲೆಕ್ಕ ಮತ್ತು ಬೆಂಗಳೂರಿನ ಡಾ. ಪಲ್ಪು

ಹಿಂದಿನವರು ಗಟ್ಟಿಗರು, ನೂರು ವರ್ಷ ಬಾಳುತ್ತಿದ್ದರು ಎಂಬ ಮಾತು ಇಟ್ಟಮಡುವಿನ ಟೀ ಅಂಗಡಿಯಲ್ಲೂ ಕೇಳುತ್ತದೆ, ವಾಟ್ಸಾಪಿನಲ್ಲೂ ಬರುತ್ತದೆ. ಆದರೆ 1901–11ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 23 ವರ್ಷ. ಹಾಗೆಂದು ಎಲ್ಲರೂ 23ಕ್ಕೆ ಸಾಯುತ್ತಿರಲಿಲ್ಲ. ಹುಟ್ಟಿದ ಸಾವಿರ ಶಿಶುಗಳಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಸರಾಸರಿಯನ್ನು ಅಷ್ಟು ಕೆಳಕ್ಕೆ ಎಳೆದದ್ದು ಮುಖ್ಯವಾಗಿ ಮಕ್ಕಳ ಸಾವು. ನಮ್ಮ ನೆನಪಿನಲ್ಲಿರುವುದು ಬದುಕುಳಿದ ಅಜ್ಜ ಅಜ್ಜಿಯರು ಮಾತ್ರ. ದೇಶದಲ್ಲಿ ಇಂದು ಆ ಇನ್ನೂರರ ಜಾಗದಲ್ಲಿರುವುದು ಸುಮಾರು 25.

ಆ ಕಾಲದ ಬೆಂಗಳೂರಿನಲ್ಲಿ ಇಂಥ ಸಾವುಗಳ ಎದುರು ದುಡಿದವರಲ್ಲಿ ಡಾ. ಪದ್ಮನಾಭನ್ ಪಲ್ಪು ಒಬ್ಬರು. ಹುಟ್ಟಿದ್ದು 1863ರಲ್ಲಿ, ತಿರುವನಂತಪುರದಲ್ಲಿ. ಈಳವ ಜಾತಿಯವರೆಂದು ತಿರುವಾಂಕೂರಿನಲ್ಲಿ ವೈದ್ಯಕೀಯ ಓದಲು ಬಿಡಲಿಲ್ಲ. ಮದ್ರಾಸಿನಲ್ಲಿ ಓದಿ ಮುಗಿಸಿದರೂ ಅದೇ ಕಾರಣಕ್ಕೆ ಊರಿನಲ್ಲಿ ಸರ್ಕಾರಿ ಕೆಲಸ ಸಿಗಲಿಲ್ಲ. ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. ನಷ್ಟ ಯಾರಿಗಾಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲಿ ಅವರು ಸಿಡುಬಿನ ಲಸಿಕೆ ತಯಾರಿಸುವ ಕೇಂದ್ರ ನೋಡಿಕೊಂಡರು. ಸಿಡುಬು ಹೆಚ್ಚಾಗಿ ಮಕ್ಕಳನ್ನೇ ಕೊಲ್ಲುತ್ತಿತ್ತು. ಯಾಕೆ? ದೊಡ್ಡವರಲ್ಲಿ ಹಲವರಿಗೆ ಅದು ಒಮ್ಮೆ ಬಂದು ಹೋಗಿ ರೋಗನಿರೋಧಕ ಶಕ್ತಿ ಬಂದಿರುತ್ತಿತ್ತು. ಪ್ರತಿ ವರ್ಷ ಹೊಸದಾಗಿ ಹುಟ್ಟಿದವರಿಗೆ ಆ ರಕ್ಷಣೆ ಇರಲಿಲ್ಲ. ಕರುವಿನ ಚರ್ಮದಲ್ಲಿ ಬೆಳೆಸಿದ ಲಸಿಕೆಯನ್ನು ಬಿಸಿಲಿಗೆ ಕೆಡದಂತೆ ಹಳ್ಳಿಗಳಿಗೆ ತಲುಪಿಸಬೇಕಿತ್ತು. ಆಗ ಫ್ರಿಜ್ ಇರಲಿಲ್ಲ ಎಂಬುದು ನೆನಪಿರಲಿ.

1898ರಲ್ಲಿ ಪ್ಲೇಗ್ ಬಂತು. ಮನೆಗಳನ್ನು ಖಾಲಿ ಮಾಡಿಸಿದರು, ರೋಗಿಗಳನ್ನು ಕ್ಯಾಂಪಿಗೆ ಸಾಗಿಸಿದರು. ಪಲ್ಪು ಆ ಕೆಲಸದ ನಡುವೆಯೇ ಇದ್ದರು. ಆಗಿನ ಅಂಕಿಗಳನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಮರಣ ಪ್ರಮಾಣವೆಂದರೆ ಸಾವಿರ ಜನಕ್ಕೆ ಎಷ್ಟು ಸಾವು ಎಂದು. ಜನ ಊರು ಬಿಟ್ಟು ಓಡಿದ ಮೇಲೆ ಆ ಸಾವಿರವನ್ನು ಹಳೆಯ ಜನಗಣತಿಯಿಂದ ತೆಗೆದರೆ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕ್ಯಾಂಪಿಗೆ ಹೆದರಿ ಮನೆಯವರು ಸಾವನ್ನೇ ಮುಚ್ಚಿಟ್ಟರೂ ಹಾಗೆಯೇ. ಶಿಶು ಮರಣದಲ್ಲಿ ತೊಡಕು ಬೇರೆ. ಅಲ್ಲಿ ಭಾಗಿಸುವುದು ಹುಟ್ಟಿದವರ ಸಂಖ್ಯೆಯಿಂದ. ಹೆರಿಗೆಗಳು ಮನೆಯಲ್ಲೇ ಆಗಿ ಜನನ ದಾಖಲಾಗದಿದ್ದರೆ ಪ್ರಮಾಣ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಸಾವೂ ದಾಖಲಾಗದಿದ್ದರೆ ಆ ಮಗು ಲೆಕ್ಕದಲ್ಲೇ ಇಲ್ಲ.

ಪ್ಲೇಗಿನ ನಂತರವೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನ. ಇಟ್ಟಮಡು ಆಗ ಊರಾಚೆಯ ಹಳ್ಳಿ.

ಪಲ್ಪು ಅವರನ್ನು ಕೇರಳ ನೆನೆಯುವುದು ಬೇರೆ ಕಾರಣಕ್ಕೆ. ಈಳವರಿಗೆ ಶಾಲೆ, ಸರ್ಕಾರಿ ಕೆಲಸ ಬೇಕೆಂದು 1896ರಲ್ಲಿ 13,176 ಜನರ ಸಹಿಯ ಮನವಿ ಕೊಡಿಸಿದವರು ಅವರು. 1903ರಲ್ಲಿ ನಾರಾಯಣ ಗುರುಗಳೊಂದಿಗೆ ಎಸ್‌ಎನ್‌ಡಿಪಿ ಯೋಗಂ ಕಟ್ಟುವುದರಲ್ಲೂ ಮುಂದಿದ್ದರು. ಅವರ ಆಸರೆಯಲ್ಲಿ ಬೆಂಗಳೂರಿನಲ್ಲಿ ಸಂಸ್ಕೃತ ಓದುತ್ತಿದ್ದ ಹುಡುಗನೊಬ್ಬ ಪ್ಲೇಗಿನಿಂದಾಗಿ ಓದು ಬಿಟ್ಟು ಹೊರಡಬೇಕಾಯಿತು. ಮುಂದೆ ಮಲಯಾಳದ ಮಹಾಕವಿಯಾದ ಕುಮಾರನ್ ಆಶಾನ್ ಆತ.

ಪಲ್ಪು ತೀರಿಕೊಂಡದ್ದು 1950ರ ಜನವರಿಯಲ್ಲಿ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ.