ನೇತ್ರವೈದ್ಯ ಡಾ. ಎಂ. ಸಿ. ಮೋದಿ

ಮುಪ್ಪಿನಲ್ಲಿ ಕಣ್ಣು ಮಂಜಾಗುವುದು ವಿಧಿನಿಯಮವೆಂದೇ ನಮ್ಮ ಹಳ್ಳಿಗಳ ಜನ ಬಹುಕಾಲ ನಂಬಿದ್ದರು. ಪೊರೆ ಬಂದ ಅಜ್ಜನನ್ನು ಜಗಲಿಯ ಮೇಲೆ ಕೂರಿಸಿ, ಕೈಗೊಂದು ಕೋಲು ಕೊಟ್ಟು, ಹೊರಗೆ ಹೋಗುವಾಗ ಮೊಮ್ಮಗನೊಬ್ಬನನ್ನು ಜೊತೆಗೆ ಕಳುಹಿಸಿದರೆ ಮನೆಯವರ ಕರ್ತವ್ಯ ಮುಗಿಯುತ್ತಿತ್ತು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಿ ಬರುವುದೆಂದು ಕೇಳಿದ್ದವರೇ ವಿರಳ. ಕೇಳಿದ್ದರೂ ದೂರದ ಪಟ್ಟಣದ ಆಸ್ಪತ್ರೆಗೆ ಹೋಗಿಬರುವ ಶಕ್ತಿ ಎಷ್ಟು ಮಂದಿಗಿತ್ತು? ಇಂಥವರ ಬಳಿಗೆ ಆಸ್ಪತ್ರೆಯನ್ನೇ ಕೊಂಡೊಯ್ದವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ.

ಮೋದಿಯವರು 1916ರ ಅಕ್ಟೋಬರ್ 4ರಂದು ಬೀಳಗಿಯಲ್ಲಿ ಜನಿಸಿದರು. ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ ಈ ಊರು ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಬೆಳಗಾವಿಯಲ್ಲಿ ಆಯುರ್ವೇದ ವೈದ್ಯಶಿಕ್ಷಣ ಪಡೆದು ಅವರು ನೇತ್ರಚಿಕಿತ್ಸೆಯಲ್ಲಿ ಪರಿಣತರಾದರು. 1942ರಲ್ಲಿ ಮುಂಬಯಿಯಲ್ಲಿ ಮಹಾತ್ಮ ಗಾಂಧಿಯವರ ಭಾಷಣ ಕೇಳಿದ ಮೇಲೆ ಅವರ ಬಾಳಿನ ದಿಕ್ಕು ಬದಲಾಯಿತು. ಮರುವರ್ಷವೇ ಅವರು ಸಂಚಾರಿ ನೇತ್ರಶಿಬಿರಗಳನ್ನು ಆರಂಭಿಸಿದರು. ಹಣಗಳಿಕೆಯ ಹಾದಿ ಅಲ್ಲಿಗೆ ಮುಗಿಯಿತು.

ಅವರು ತೆಗೆಯುತ್ತಿದ್ದ ಪೊರೆ ಎಂಥದೆಂದು ತಿಳಿಯಲು ಕಣ್ಣಿನೊಳಗನ್ನು ಸ್ವಲ್ಪ ನೋಡಬೇಕು. ಕೆರೆಯ ನೀರಿನಲ್ಲಿ ಓರೆಯಾಗಿ ಊರಿದ ಕೋಲು ಮುರಿದಂತೆ ಕಾಣುವುದನ್ನು ಎಲ್ಲರೂ ಬಲ್ಲರು. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಓರೆಯಾಗಿ ಸಾಗುವಾಗ ಅದರ ವೇಗ ಬದಲಾಗಿ ದಾರಿಯೂ ಬಾಗುತ್ತದೆ. ಇದೇ ವಕ್ರೀಭವನ. ಕಣ್ಣಿಗೆ ಬಿದ್ದ ಕಿರಣಗಳನ್ನು ಬಹುಪಾಲು ಬಾಗಿಸುವುದು ಮುಂಭಾಗದ ಪಾರದರ್ಶಕವಾದ ಕಾರ್ನಿಯ. ಉಳಿದ ಕೆಲಸ ಪಾಪೆಯ ಹಿಂದಿರುವ ಮಸೂರದ್ದು. ದೂರದ ಬೆಟ್ಟವನ್ನು ನೋಡುವಾಗ ಈ ಮಸೂರ ತೆಳುವಾಗಿರುತ್ತದೆ. ಕೈಯಲ್ಲಿರುವ ಪುಸ್ತಕಕ್ಕೆ ದೃಷ್ಟಿ ಹೊರಳಿದೊಡನೆ ಸುತ್ತಲಿನ ಸ್ನಾಯು ಸಂಕುಚಿಸಿ, ಮಸೂರವನ್ನು ಹಿಡಿದೆಳೆದಿದ್ದ ತಂತುಗಳು ಸಡಿಲಗೊಂಡು, ಅದು ಉಬ್ಬುತ್ತದೆ. ಹೀಗೆ ಬಿಂಬವು ಹಿಂಭಾಗದ ಅಕ್ಷಿಪಟಲದ ಮೇಲೆಯೇ ಸ್ಪಷ್ಟವಾಗಿ ಮೂಡುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗಿ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ನಲವತ್ತು ದಾಟಿದವರು ಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿಯುವುದು ಇದರಿಂದಲೇ. ಅನೇಕರಲ್ಲಿ ಅದರೊಳಗಿನ ಪ್ರೋಟೀನು ಗರಣೆಗಟ್ಟಿ ಮಸೂರವೇ ಬೆಳ್ಳಗೆ ಮಬ್ಬಾಗುತ್ತದೆ. ಅದೇ ಪೊರೆ. ಅದು ಕಣ್ಣಿನ ಮೇಲೆ ಬೆಳೆಯುವ ಸಿಪ್ಪೆಯೆಂಬ ತಿಳಿವಳಿಕೆ ತಪ್ಪು. ಯಾವ ಔಷಧಿಯ ಹನಿಯೂ ಅದನ್ನು ಕರಗಿಸಲಾರದು. ಮಬ್ಬಾದ ಮಸೂರವನ್ನು ತೆಗೆಯುವುದೊಂದೇ ದಾರಿ.

ಶಿಬಿರದ ಸುದ್ದಿ ಹಬ್ಬಿದರೆ ಸುತ್ತಲ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಸಹಾಯಕರು ಕಣ್ಣು ತೊಳೆದು, ನೋವು ತಿಳಿಯದಂತೆ ಮದ್ದು ಚುಚ್ಚಿ ರೋಗಿಯನ್ನು ಸಿದ್ಧಗೊಳಿಸಿದರೆ, ಮೋದಿಯವರು ಮೇಜಿನಿಂದ ಮೇಜಿಗೆ ಸಾಗುತ್ತ ಕತ್ತರಿಸಿ ಮಸೂರ ತೆಗೆಯುತ್ತಿದ್ದರು. ಪಟ್ಟಿ ಕಟ್ಟುವ ಕೆಲಸ ಮತ್ತೆ ಸಹಾಯಕರದು. ಒಂದೇ ದಿನದಲ್ಲಿ ಅವರು 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದು ಗಿನ್ನೆಸ್ ದಾಖಲೆಗಳ ಪುಸ್ತಕ ಸೇರಿತು. ಇಪ್ಪತ್ತನಾಲ್ಕು ಗಂಟೆಗಳನ್ನೂ ಹಂಚಿದರೂ ಒಂದೊಂದು ಕಣ್ಣಿಗೆ ಎರಡು ನಿಮಿಷ ಸಿಗದು! ಕೆಲಸದ ಇಂಥ ವಿಭಜನೆಯಿಲ್ಲದೆ ಅದು ಅಸಾಧ್ಯ. 1993ರ ಫೆಬ್ರುವರಿಯವರೆಗೆ ಅವರು 46,120 ಹಳ್ಳಿಗಳಿಗೆ ಭೇಟಿಯಿತ್ತು 6,10,564 ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದರೆಂದು ಅದೇ ದಾಖಲೆ ತಿಳಿಸುತ್ತದೆ.

ತಾತ್ಕಾಲಿಕ ಶಿಬಿರದಲ್ಲಿ ಕಣ್ಣಿಗೆ ಸೋಂಕು ತಗಲುವ ಭಯವಿತ್ತು. ಪಟ್ಟಿ ಬಿಚ್ಚಿದ ಮೇಲಿನ ಆರೈಕೆಯೂ ಸುಲಭವಾಗಿರಲಿಲ್ಲ. ಇಂದಿನ ನಿಯಮಗಳು ಅಂಥ ಸಾಮೂಹಿಕ ಶಸ್ತ್ರಚಿಕಿತ್ಸೆಯನ್ನು ಒಪ್ಪಲಾರವು, ಅದು ಸರಿಯೇ. ಆದರೆ ಅಂದಿನ ಬಡ ಮುದುಕಿಯ ಮುಂದೆ ಶಿಬಿರ ಮತ್ತು ಕತ್ತಲೆ, ಇವೆರಡೇ ಇದ್ದವು.

ಮಸೂರ ಹೋದ ಕಣ್ಣಿನಲ್ಲಿ ಕಾರ್ನಿಯವೊಂದೇ ಕಿರಣಗಳನ್ನು ಸಾಕಷ್ಟು ಬಾಗಿಸಲಾರದು; ಬಿಂಬ ಅಕ್ಷಿಪಟಲದ ಹಿಂದಕ್ಕೆ ಸರಿಯುತ್ತದೆ. ಆ ಕೊರತೆಯನ್ನು ತುಂಬಲು ದಪ್ಪ ಪೀನಮಸೂರದ ಕನ್ನಡಕ ಬೇಕಾಗುತ್ತಿತ್ತು. ಅದರೊಳಗೆ ವಸ್ತುಗಳು ಸುಮಾರು ಕಾಲುಭಾಗ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿದ್ದವು. ಲೋಟಕ್ಕೆ ಚಾಚಿದ ಕೈ ಗುರಿತಪ್ಪುತ್ತಿತ್ತು, ಮೆಟ್ಟಿಲಿಳಿಯಲು ಹೊಸದಾಗಿ ಕಲಿಯಬೇಕಾಗುತ್ತಿತ್ತು. ಕನ್ನಡಕ ಒಡೆದರೆ ಮತ್ತೆ ಹಿಂದಿನ ಮಸುಕೇ. ಇಂಗ್ಲೆಂಡಿನ ಹೆರಾಲ್ಡ್ ರಿಡ್ಲೆ 1949ರಲ್ಲೇ ಕಣ್ಣಿನೊಳಗೆ ಕೃತಕ ಮಸೂರವನ್ನು ಇರಿಸಿದ್ದರು. ಯುದ್ಧವಿಮಾನಗಳ ಚಾಲಕರ ಕಣ್ಣಿಗೆ ಹೊಕ್ಕ ಅಕ್ರಿಲಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದೇ ಅವರಿಗೆ ದಾರಿ ತೋರಿತ್ತು. ಆ ವಿಧಾನ ನಮ್ಮ ಹಳ್ಳಿಗರಿಗೆ ದೊರಕಲು ಇನ್ನೂ ಹಲವು ದಶಕಗಳು ಹಿಡಿದವು. ಅಲ್ಲಿಯವರೆಗೆ ದಪ್ಪ ಕನ್ನಡಕವೇ ಅವರ ಲೋಕ.

ಭಾರತ ಸರ್ಕಾರ ಮೋದಿಯವರಿಗೆ 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ನೀಡಿತು. 2005ರ ನವೆಂಬರ್ 11ರಂದು ಅವರು ನಿಧನರಾದರು. ಬೆಂಗಳೂರಿನ ಮಹಾಲಕ್ಷ್ಮೀಪುರದ ಬಳಿ ಅವರ ಕಣ್ಣಿನ ಆಸ್ಪತ್ರೆಯ ಮುಂದಿನ ಹಾದಿಯನ್ನು ಜನ ಮೋದಿ ಆಸ್ಪತ್ರೆ ರಸ್ತೆಯೆಂದೇ ಕರೆಯುತ್ತಾರೆ.