ಕಾನಿ ಮ್ಯಾಕ್

ಕಾನಿ ಮ್ಯಾಕ್ (ಡಿಸೆಂಬರ್ 22, 1862 – ಫೆಬ್ರವರಿ 8, 1956) ಅಮೆರಿಕದ ಬೇಸ್‌ಬಾಲ್ ಆಟಗಾರ, ಮ್ಯಾನೇಜರ್ ಹಾಗೂ ತಂಡದ ಒಡೆಯರಾಗಿದ್ದರು. ಇವರ ಪೂರ್ಣ ಹೆಸರು ಕಾರ್ನೀಲಿಯಸ್ ಮೆಕ್‌ಗಿಲಿಕಡಿ. 1901ರಿಂದ 1950ರವರೆಗೆ ಸತತ ಐವತ್ತು ಋತುಗಳ ಕಾಲ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ನಡೆಸಿದ ಇವರು, ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗ್‌ಗಳ ಇತಿಹಾಸದಲ್ಲಿ ಅತ್ಯಂತ ಹೆಚ್ಚು ಪಂದ್ಯಗಳನ್ನು ಗೆದ್ದ ಮ್ಯಾನೇಜರ್ ಆಗಿದ್ದಾರೆ. ಅತ್ಯಂತ ಹೆಚ್ಚು ಪಂದ್ಯಗಳನ್ನು ಸೋತವರೂ ಇವರೇ. ತಮ್ಮ ಕಾಲದ ಶ್ರೇಷ್ಠ ತಂಡವನ್ನು ಎರಡು ಬಾರಿ ಕಟ್ಟಿ, ಎರಡು ಬಾರಿಯೂ ಹಣದ ಕಾರಣಕ್ಕಾಗಿ ಅದನ್ನು ತಾವೇ ಬಿಡಿಬಿಡಿಯಾಗಿ ಮಾರಿದ್ದು ಇವರ ಜೀವನದ ಅತ್ಯಂತ ವಿವಾದಿತ ಅಧ್ಯಾಯವಾಗಿದೆ.

ಆರಂಭಿಕ ಜೀವನ

ಮ್ಯಾಕ್ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಈಸ್ಟ್ ಬ್ರೂಕ್‌ಫೀಲ್ಡ್‌ನಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಕುಟುಂಬದಲ್ಲಿ ಜನಿಸಿದರು. ತಂದೆ ಮೈಕಲ್ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಾಗಿದ್ದರು. ಬಡತನದ ಕಾರಣ ಬಾಲ್ಯದಲ್ಲಿಯೇ ಹತ್ತಿ ಗಿರಣಿಯಲ್ಲಿ, ಅನಂತರ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದರು. ಉದ್ದವಾದ ಮನೆತನದ ಹೆಸರನ್ನು ಮೊಟಕುಗೊಳಿಸಿದ ‘ಮ್ಯಾಕ್’ ಎಂಬ ರೂಪವೇ ದಿನಬಳಕೆಯಲ್ಲಿ ಉಳಿಯಿತು.

ಆಟಗಾರನಾಗಿ

1886ರಲ್ಲಿ ವಾಷಿಂಗ್ಟನ್ ತಂಡದ ಮೂಲಕ ಮ್ಯಾಕ್ ಪ್ರಮುಖ ಲೀಗ್‌ಗೆ ಪದಾರ್ಪಣೆ ಮಾಡಿದರು. ಕ್ರಿಕೆಟ್‌ನ ವಿಕೆಟ್ ಕೀಪರ್‌ನಂತೆ ದಾಂಡಿಗನ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್ ಸ್ಥಾನ ಇವರದು. ದಾಂಡಿಗರಾಗಿ ಸಾಧಾರಣರಾದರೂ ಚಾಣಾಕ್ಷರೆಂದು ಹೆಸರಾಗಿದ್ದರು. ಚೆಂಡು ದಾಂಡಿಗೆ ಸವರಿದಂತೆ ಸದ್ದು ಮಾಡಿ ಅಂಪೈರ್‌ನನ್ನು ಏಮಾರಿಸುವುದು ಇವರ ತಂತ್ರಗಳಲ್ಲೊಂದಾಗಿತ್ತು.

ಆ ಕಾಲದಲ್ಲಿ ತಂಡಗಳು ಆಟಗಾರರ ಒಪ್ಪಂದದಲ್ಲಿ ಒಂದು ನಿಬಂಧನೆಯನ್ನು ಸೇರಿಸುತ್ತಿದ್ದವು. ಅದರಂತೆ ಋತು ಮುಗಿದ ಮೇಲೂ ಆಟಗಾರನ ಮೇಲಿನ ಹಕ್ಕು ತಂಡದಲ್ಲಿಯೇ ಉಳಿಯುತ್ತಿತ್ತು. ತಂಡವು ಅವನನ್ನು ಮಾರಬಹುದಾಗಿತ್ತು, ಆದರೆ ಅವನು ತಾನಾಗಿ ಬೇರೆ ತಂಡ ಸೇರುವಂತಿರಲಿಲ್ಲ. ಇದನ್ನು ವಿರೋಧಿಸಿ 1890ರಲ್ಲಿ ಆಟಗಾರರೇ ‘ಪ್ಲೇಯರ್ಸ್ ಲೀಗ್’ ಎಂಬ ಪ್ರತ್ಯೇಕ ಲೀಗ್ ಕಟ್ಟಿದರು. ಮ್ಯಾಕ್ ಅದರ ಬಫಲೊ ತಂಡವನ್ನು ಸೇರಿ ತಮ್ಮ ಉಳಿತಾಯವನ್ನೂ ಅದರಲ್ಲಿ ತೊಡಗಿಸಿದರು. ಒಂದೇ ಋತುವಿನಲ್ಲಿ ಆ ಲೀಗ್ ಮುಚ್ಚಿಹೋಗಿ ಅವರು ಹಾಕಿದ ಹಣ ಮುಳುಗಿತು. ಬಳಿಕ ಪಿಟ್ಸ್‌ಬರ್ಗ್ ತಂಡದಲ್ಲಿ ಆಡಿ, 1894ರಿಂದ 1896ರವರೆಗೆ ಅದರ ಮ್ಯಾನೇಜರ್ ಕೂಡ ಆಗಿದ್ದರು. 1897ರಿಂದ ನಾಲ್ಕು ವರ್ಷ ಮಿಲ್ವಾಕಿ ತಂಡವನ್ನು ನಡೆಸಿ ಆಟಗಾರರ ಆಯ್ಕೆ ಮತ್ತು ಲೆಕ್ಕಪತ್ರಗಳೆರಡರಲ್ಲಿಯೂ ಪಳಗಿದರು.

ಫಿಲಡೆಲ್ಫಿಯಾ ಅಥ್ಲೆಟಿಕ್ಸ್

1901ರಲ್ಲಿ ಬ್ಯಾನ್ ಜಾನ್ಸನ್ ಅವರು ಅಮೆರಿಕನ್ ಲೀಗ್ ಅನ್ನು ಹಳೆಯ ನ್ಯಾಷನಲ್ ಲೀಗ್‌ಗೆ ಸಮನಾದ ಪ್ರಮುಖ ಲೀಗ್ ಎಂದು ಘೋಷಿಸಿದಾಗ, ಫಿಲಡೆಲ್ಫಿಯಾದ ಹೊಸ ತಂಡದ ಹೊಣೆ ಮ್ಯಾಕ್ ಅವರಿಗೆ ದೊರೆಯಿತು. ಕ್ರೀಡಾ ಸಾಮಗ್ರಿಗಳ ಉದ್ಯಮಿ ಬೆನ್ ಶೈಬ್ ಅರ್ಧ ಪಾಲು ಹೊಂದಿದ್ದರೆ, ಮ್ಯಾಕ್ ಕಾಲು ಪಾಲಿನ ಒಡೆಯರಾದರು. ಹೀಗೆ ಆಟಗಾರರನ್ನು ಆರಿಸುವವರೂ ಅವರ ಸಂಬಳ ನಿರ್ಧರಿಸುವವರೂ ಒಬ್ಬರೇ ಆದರು.

ಮೊದಲ ವರ್ಷವೇ ಅದೇ ನಗರದ ಫಿಲೀಸ್ ತಂಡದಿಂದ ನ್ಯಾಪ್ ಲಾಜವೇ ಅವರನ್ನು ಹೆಚ್ಚಿನ ಸಂಬಳ ನೀಡಿ ಸೆಳೆದುಕೊಂಡರು. 1902ರಲ್ಲಿ ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಫಿಲೀಸ್ ಪರವಾಗಿ ಬಂದುದರಿಂದ ಲಾಜವೇ ಕ್ಲೀವ್‌ಲ್ಯಾಂಡ್ ತಂಡಕ್ಕೆ ಹೋಗಬೇಕಾಯಿತು. ಎದುರಾಳಿ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಅವರು ಈ ತಂಡವನ್ನು ದುಬಾರಿ ಬಿಳಿಯಾನೆಯೆಂದು ಹೀಗಳೆದಾಗ, ಮ್ಯಾಕ್ ಬಿಳಿಯಾನೆಯನ್ನೇ ತಂಡದ ಲಾಂಛನವಾಗಿಸಿಕೊಂಡರು. ಅದೇ ವರ್ಷ ತಂಡ ಲೀಗ್ ಪ್ರಶಸ್ತಿ ಗೆದ್ದಿತು.

1909ರಲ್ಲಿ ಉಕ್ಕು ಮತ್ತು ಕಾಂಕ್ರೀಟಿನಿಂದ ಕಟ್ಟಿದ ಶೈಬ್ ಪಾರ್ಕ್ ಕ್ರೀಡಾಂಗಣ ಆರಂಭವಾಯಿತು. 1910, 1911 ಮತ್ತು 1913ರಲ್ಲಿ ಅಥ್ಲೆಟಿಕ್ಸ್ ತಂಡವು ಎರಡು ಲೀಗ್‌ಗಳ ವಿಜೇತರ ನಡುವೆ ನಡೆಯುವ ವರ್ಲ್ಡ್ ಸೀರೀಸ್ ಅನ್ನು ಗೆದ್ದುಕೊಂಡಿತು. ಸ್ಟಫಿ ಮೆಕಿನಿಸ್, ಎಡ್ಡಿ ಕಾಲಿನ್ಸ್, ಜ್ಯಾಕ್ ಬ್ಯಾರಿ ಮತ್ತು ಫ್ರ್ಯಾಂಕ್ ಬೇಕರ್ ಅವರ ಒಳಮೈದಾನದ ಸಾಲು ‘ಲಕ್ಷ ಡಾಲರ್ ಸಾಲು’ ಎಂದೇ ಪ್ರಸಿದ್ಧವಾಯಿತು.

ಮೊದಲ ವಿಘಟನೆ (1914–1916)

1914ರಲ್ಲಿ ಫೆಡರಲ್ ಲೀಗ್ ಎಂಬ ಮೂರನೆಯ ಲೀಗ್ ಹುಟ್ಟಿಕೊಂಡು ಆಟಗಾರರಿಗೆ ದೊಡ್ಡ ಸಂಬಳದ ಆಮಿಷ ಒಡ್ಡಿತು. ಆ ವರ್ಷ ಅಥ್ಲೆಟಿಕ್ಸ್ ಲೀಗ್ ಪ್ರಶಸ್ತಿ ಗೆದ್ದರೂ ವರ್ಲ್ಡ್ ಸೀರೀಸ್‌ನಲ್ಲಿ ಬೋಸ್ಟನ್ ಬ್ರೇವ್ಸ್ ವಿರುದ್ಧ ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಸೋತಿತು. ಗೆಲ್ಲುತ್ತಿದ್ದ ತಂಡಕ್ಕೂ ಪ್ರೇಕ್ಷಕರು ಕಡಿಮೆಯಾಗಿದ್ದರು: 1913ರಲ್ಲಿ ಸುಮಾರು 5.7 ಲಕ್ಷವಿದ್ದ ಸಂಖ್ಯೆ 1914ರಲ್ಲಿ ಸುಮಾರು 3.5 ಲಕ್ಷಕ್ಕೆ ಇಳಿದಿತ್ತು.

ಆ ಚಳಿಗಾಲದ ವಿರಾಮದಲ್ಲಿ ಮ್ಯಾಕ್ ಸಂಬಳದ ಪೈಪೋಟಿಗೆ ಇಳಿಯದಿರಲು ನಿರ್ಧರಿಸಿದರು. ಪಿಚರ್‌ಗಳಾದ ಎಡ್ಡಿ ಪ್ಲ್ಯಾಂಕ್ ಮತ್ತು ಚೀಫ್ ಬೆಂಡರ್ ಫೆಡರಲ್ ಲೀಗ್ ಸೇರಿದರು. ಕಾಲಿನ್ಸ್ ಅವರನ್ನು 50,000 ಡಾಲರ್‌ಗಳಿಗೆ ಷಿಕಾಗೊ ವೈಟ್ ಸಾಕ್ಸ್ ತಂಡಕ್ಕೆ ಮಾರಲಾಯಿತು. ಸಂಬಳದ ವಿಷಯದಲ್ಲಿ ಮುನಿಸಿಕೊಂಡ ಬೇಕರ್ 1915ರ ಇಡೀ ಋತುವಿನಲ್ಲಿ ಪ್ರಮುಖ ಲೀಗ್‌ನಿಂದ ಹೊರಗುಳಿದು, 1916ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪಾಲಾದರು. ಬ್ಯಾರಿ ಮತ್ತು ಯುವ ಪಿಚರ್ ಹರ್ಬ್ ಪೆನಾಕ್ ಬೋಸ್ಟನ್ ರೆಡ್ ಸಾಕ್ಸ್‌ಗೆ ಹೋದರು.

ಪರಿಣಾಮ ತಕ್ಷಣವೇ ಕಾಣಿಸಿತು. ಪ್ರಶಸ್ತಿ ಗೆದ್ದ ತಂಡ 1915ರಲ್ಲಿ 43 ಪಂದ್ಯ ಗೆದ್ದು 109 ಸೋತು ಕೊನೆಯ ಸ್ಥಾನಕ್ಕೆ ಕುಸಿಯಿತು; ಪ್ರೇಕ್ಷಕರ ಸಂಖ್ಯೆ 1.5 ಲಕ್ಷವನ್ನೂ ಮುಟ್ಟಲಿಲ್ಲ. 1916ರಲ್ಲಿ 36 ಗೆಲುವು, 117 ಸೋಲು. ಗೆಲುವಿನ ಪ್ರಮಾಣದಲ್ಲಿ ಇದು 1901ರ ನಂತರದ ಎರಡು ಲೀಗ್‌ಗಳ ಅತ್ಯಂತ ಕಳಪೆ ದಾಖಲೆಯಾಗಿ ಉಳಿದಿದೆ. 1921ರವರೆಗೆ ಸತತ ಏಳು ವರ್ಷ ತಂಡ ಕೊನೆಯ ಸ್ಥಾನದಲ್ಲಿತ್ತು.

ಪುನರ್ನಿರ್ಮಾಣ

1920ರ ದಶಕದಲ್ಲಿ ಮ್ಯಾಕ್ ಧೋರಣೆ ಬದಲಿಸಿ ಹಣ ಹೂಡಲಾರಂಭಿಸಿದರು. 1924ರ ಋತುವಿನ ಬಳಿಕ ಎಡಗೈ ಪಿಚರ್ ಲೆಫ್ಟಿ ಗ್ರೋವ್ ಅವರನ್ನು ಬಾಲ್ಟಿಮೋರ್‌ನ ಕಿರಿಯ ಲೀಗ್ ತಂಡದಿಂದ 1,00,600 ಡಾಲರ್‌ಗಳಿಗೆ ಕೊಂಡರು. ಅಲ್ ಸಿಮನ್ಸ್, ಕ್ಯಾಚರ್ ಮಿಕ್ಕಿ ಕಾಕ್ರನ್ ಮತ್ತು ಜಿಮ್ಮಿ ಫಾಕ್ಸ್ ಕೂಡ ಇದೇ ಅವಧಿಯಲ್ಲಿ ತಂಡಕ್ಕೆ ಬಂದರು. ಈ ನಾಲ್ವರೂ ಮುಂದೆ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು.

1929ರಲ್ಲಿ ತಂಡ ಷಿಕಾಗೊ ಕಬ್ಸ್ ವಿರುದ್ಧ ವರ್ಲ್ಡ್ ಸೀರೀಸ್ ಗೆದ್ದಿತು. ಆ ಸರಣಿಯ ನಾಲ್ಕನೆಯ ಪಂದ್ಯದಲ್ಲಿ 8–0 ಹಿನ್ನಡೆಯಲ್ಲಿದ್ದ ಅಥ್ಲೆಟಿಕ್ಸ್ ಏಳನೆಯ ಇನಿಂಗ್ಸ್ ಒಂದರಲ್ಲೇ 10 ರನ್ ಗಳಿಸಿ ಗೆದ್ದದ್ದು ಇಂದಿಗೂ ಸ್ಮರಣೀಯ. 1930ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧವೂ ಜಯ ದೊರೆಯಿತು. 1931ರಲ್ಲಿ 107 ಪಂದ್ಯಗಳನ್ನು ಗೆದ್ದರೂ ವರ್ಲ್ಡ್ ಸೀರೀಸ್‌ನಲ್ಲಿ ಅದೇ ಕಾರ್ಡಿನಲ್ಸ್ ಎದುರು ಸೋಲಾಯಿತು.

ಎರಡನೆಯ ವಿಘಟನೆ (1932–1935)

ಮಹಾ ಆರ್ಥಿಕ ಕುಸಿತವು ಕಾರ್ಖಾನೆಗಳ ನಗರವಾದ ಫಿಲಡೆಲ್ಫಿಯಾವನ್ನು ತೀವ್ರವಾಗಿ ತಟ್ಟಿತು. 1929ರಲ್ಲಿ 8 ಲಕ್ಷ ಮೀರಿದ್ದ ಪ್ರೇಕ್ಷಕರ ಸಂಖ್ಯೆ 1933ರಲ್ಲಿ 3 ಲಕ್ಷಕ್ಕಿಂತ ಕೆಳಗಿಳಿಯಿತು. ಭಾನುವಾರ ಪಂದ್ಯ ನಡೆಸುವುದನ್ನು ಪೆನ್ಸಿಲ್ವೇನಿಯಾದ ಕಾನೂನು 1933ರವರೆಗೂ ನಿಷೇಧಿಸಿದ್ದರಿಂದ, ದುಡಿಯುವ ಜನರಿಗೆ ಬಿಡುವಿದ್ದ ದಿನದ ಆದಾಯವೂ ತಂಡಕ್ಕೆ ಇರಲಿಲ್ಲ. ಇನ್ನೊಂದೆಡೆ ತಾರಾ ಆಟಗಾರರ ಸಂಬಳ ಮತ್ತು ಬ್ಯಾಂಕ್ ಸಾಲದ ಹೊರೆಯಿತ್ತು.

1932ರ ಸೆಪ್ಟೆಂಬರ್ ಕೊನೆಯಲ್ಲಿ ಸಿಮನ್ಸ್, ಜಿಮ್ಮಿ ಡೈಕ್ಸ್ ಮತ್ತು ಮ್ಯೂಲ್ ಹಾಸ್ ಅವರನ್ನು ಒಟ್ಟಾಗಿ 1,00,000 ಡಾಲರ್‌ಗಳಿಗೆ ವೈಟ್ ಸಾಕ್ಸ್‌ಗೆ ಮಾರಲಾಯಿತು. 1933ರ ಡಿಸೆಂಬರ್‌ನಲ್ಲಿ ಕಾಕ್ರನ್ ಅವರನ್ನು 1,00,000 ಡಾಲರ್ ಹಾಗೂ ಒಬ್ಬ ಆಟಗಾರನಿಗೆ ಪ್ರತಿಯಾಗಿ ಡೆಟ್ರಾಯಿಟ್‌ಗೆ ಕಳುಹಿಸಿದರು. ಗ್ರೋವ್ ಸೇರಿದಂತೆ ಮೂವರನ್ನು 1,25,000 ಡಾಲರ್ ಹಾಗೂ ಇಬ್ಬರು ಆಟಗಾರರಿಗೆ ಪ್ರತಿಯಾಗಿ ಬೋಸ್ಟನ್ ರೆಡ್ ಸಾಕ್ಸ್‌ಗೆ ಬಿಟ್ಟುಕೊಟ್ಟರು. ಕೊನೆಗೆ 1935ರ ಡಿಸೆಂಬರ್‌ನಲ್ಲಿ ಫಾಕ್ಸ್ ಕೂಡ 1,50,000 ಡಾಲರ್‌ಗಳನ್ನು ಒಳಗೊಂಡ ವಿನಿಮಯದಲ್ಲಿ ಬೋಸ್ಟನ್ ಸೇರಿದರು.

ಮಾರಿದ ಆಟಗಾರರು ಬೇರೆಡೆ ಮೆರೆದರು. ಕಾಕ್ರನ್ ಆಟಗಾರ ಮತ್ತು ಮ್ಯಾನೇಜರ್ ಆಗಿ 1935ರಲ್ಲಿ ಡೆಟ್ರಾಯಿಟ್‌ಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. ಫಾಕ್ಸ್ 1938ರಲ್ಲಿ 50 ಹೋಮ್ ರನ್ ಬಾರಿಸಿದರು. ಗ್ರೋವ್ 1941ರಲ್ಲಿ ತಮ್ಮ 300ನೆಯ ಗೆಲುವು ಪಡೆದರು. ಇತ್ತ 1935ರಲ್ಲಿ, ಕ್ರೀಡಾಂಗಣದ ಎದುರಿನ ಮನೆಗಳ ಮಾಳಿಗೆಯಿಂದ ಪಂದ್ಯ ನೋಡುವುದನ್ನು ತಡೆಯಲು ಬಲಬದಿಯ ಗೋಡೆಯನ್ನು ಎತ್ತರಿಸಲಾಯಿತು. ಜನರು ಇದನ್ನು ಹಗೆಯ ಬೇಲಿ ಎಂದು ಕರೆದರು.

ವಾದ-ವಿವಾದಗಳು

ಈ ಎರಡು ಮಾರಾಟಗಳ ಬಗ್ಗೆ ಅಭಿಮಾನಿಗಳಲ್ಲಿಯೂ ಇತಿಹಾಸಕಾರರಲ್ಲಿಯೂ ಒಮ್ಮತವಿಲ್ಲ. ಮ್ಯಾಕ್ ಅವರಿಗೆ ತಂಡದ ಹೊರತು ಬೇರೆ ಉದ್ಯಮವಿರಲಿಲ್ಲ, ಟಿಕೆಟ್ ಹಣವೇ ಮುಖ್ಯ ಆದಾಯವಾಗಿತ್ತು ಎಂಬುದು ಸಮರ್ಥಕರ ವಾದ. ಯಾಂಕೀಸ್ ಒಡೆಯ ಜೇಕಬ್ ರೂಪರ್ಟ್ ಅವರಿಗೆ ಬಿಯರ್ ಉದ್ಯಮವಿತ್ತು. ರೆಡ್ ಸಾಕ್ಸ್‌ನ ಟಾಮ್ ಯಾಕಿ ಅವರಿಗೆ ಪಿತ್ರಾರ್ಜಿತ ಸಂಪತ್ತಿತ್ತು. ಅಂಥವರೊಡನೆ ಸಂಬಳದಲ್ಲಿ ಸ್ಪರ್ಧಿಸಿದ್ದರೆ ತಂಡವೇ ದಿವಾಳಿಯಾಗುತ್ತಿತ್ತು ಎನ್ನಲಾಗುತ್ತದೆ.

ಫೆಡರಲ್ ಲೀಗ್ 1915ರ ಋತುವಿನೊಂದಿಗೇ ಮುಚ್ಚಿದ್ದರಿಂದ, ಇನ್ನೊಂದು ವರ್ಷ ತಾಳಿದ್ದರೆ ಮೊದಲ ತಂಡ ಉಳಿಯುತ್ತಿತ್ತು ಎಂದು ಟೀಕಾಕಾರರು ಹೇಳುತ್ತಾರೆ. ಕಾರ್ಡಿನಲ್ಸ್‌ನಲ್ಲಿ ಬ್ರ್ಯಾಂಚ್ ರಿಕ್ಕಿ ಮಾಡಿದಂತೆ ಕಿರಿಯ ತಂಡಗಳ ಜಾಲ ಕಟ್ಟಿ ಅಗ್ಗದಲ್ಲಿ ಆಟಗಾರರನ್ನು ಬೆಳೆಸಲು ಮ್ಯಾಕ್ ತಡಮಾಡಿದರೆಂಬ ಆಕ್ಷೇಪವೂ ಇದೆ. ಪ್ರೇಕ್ಷಕರ ಸಂಖ್ಯೆಯನ್ನು ಎರಡೂ ಪಕ್ಷದವರು ಸಾಕ್ಷ್ಯವಾಗಿ ಬಳಸುತ್ತಾರೆ: ಪ್ರಶಸ್ತಿ ಗೆದ್ದ 1914ರಲ್ಲೇ ಜನ ಕಡಿಮೆಯಾಗಿದ್ದರು ಎಂಬುದು ಮ್ಯಾಕ್ ಅವರನ್ನು ಸಮರ್ಥಿಸಿದರೆ, ಆಟಗಾರರು ಹೋದ ಮೇಲೆ ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರುವುದನ್ನು ಬಿಟ್ಟರು ಎಂಬುದು ಟೀಕಾಕಾರರನ್ನು ಸಮರ್ಥಿಸುತ್ತದೆ.

ಕೊನೆಯ ವರ್ಷಗಳು

1930ರ ದಶಕದ ಕೊನೆಯ ಹೊತ್ತಿಗೆ ಮ್ಯಾಕ್ ತಂಡದ ಬಹುಪಾಲು ಒಡೆತನ ಪಡೆದಿದ್ದರು. ಎರಡನೆಯ ವಿಘಟನೆಯ ನಂತರ ತಂಡ ಮತ್ತೆ ಪ್ರಶಸ್ತಿಯ ಹತ್ತಿರ ಸುಳಿದದ್ದು ವಿರಳ. 1948ರಲ್ಲಿ 84 ಗೆಲುವುಗಳೊಂದಿಗೆ ನಾಲ್ಕನೆಯ ಸ್ಥಾನ ಗಳಿಸಿತು. 1949ರ ಋತುವಿರಾಮದ ನಿರ್ಧಾರಗಳು ದುಬಾರಿಯಾದವು. ಯುವ ಆಟಗಾರ ನೆಲ್ಲಿ ಫಾಕ್ಸ್ ಅವರನ್ನು ಒಬ್ಬ ಕ್ಯಾಚರ್‌ಗಾಗಿ ವೈಟ್ ಸಾಕ್ಸ್‌ಗೆ ಕೊಡಲಾಯಿತು. ಅವರು ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಬಾಬ್ ಡಿಲಿಂಜರ್ ಅವರನ್ನು ಪಡೆಯಲು ಆಟಗಾರರ ಜೊತೆಗೆ 1,00,000 ಡಾಲರ್ ತೆರಲಾಯಿತು. ಆದರೆ ಮರುವರ್ಷದ ಮಧ್ಯದಲ್ಲೇ ಅವರೂ ತಂಡ ಬಿಟ್ಟರು. 1950ರಲ್ಲಿ ತಂಡ 102 ಪಂದ್ಯಗಳನ್ನು ಸೋತಿತು. ಆ ಋತುವಿನ ಕೊನೆಗೆ, 87ನೆಯ ವಯಸ್ಸಿನಲ್ಲಿ, ಮ್ಯಾಕ್ ಮ್ಯಾನೇಜರ್ ಹುದ್ದೆ ತೊರೆದರು.

ಅದೇ ವರ್ಷ ಅವರ ಮಕ್ಕಳಾದ ರಾಯ್ ಮತ್ತು ಅರ್ಲ್ ಕ್ರೀಡಾಂಗಣವನ್ನು ಒತ್ತೆಯಿಟ್ಟು ಸಾಲ ಪಡೆದು ಇತರರ ಪಾಲನ್ನು ಕೊಂಡಿದ್ದರು. ಆ ಸಾಲದ ಭಾರದಿಂದ ತಂಡ ಚೇತರಿಸಿಕೊಳ್ಳಲಿಲ್ಲ. 1954ರ ನವೆಂಬರ್‌ನಲ್ಲಿ ಅದನ್ನು ಉದ್ಯಮಿ ಆರ್ನಲ್ಡ್ ಜಾನ್ಸನ್ ಅವರಿಗೆ ಮಾರಲಾಯಿತು. ತಂಡ ಕ್ಯಾನ್ಸಾಸ್ ಸಿಟಿಗೆ, ಮುಂದೆ 1968ರಲ್ಲಿ ಓಕ್‌ಲ್ಯಾಂಡ್‌ಗೆ ಸ್ಥಳಾಂತರಗೊಂಡಿತು. ಮ್ಯಾಕ್ 1956ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು.

ದಾಖಲೆಗಳು ಮತ್ತು ಗೌರವಗಳು

ಮ್ಯಾನೇಜರ್ ಆಗಿ ಮ್ಯಾಕ್ 3,731 ಪಂದ್ಯಗಳನ್ನು ಗೆದ್ದು 3,948 ಪಂದ್ಯಗಳನ್ನು ಸೋತರು. ಒಂಬತ್ತು ಲೀಗ್ ಪ್ರಶಸ್ತಿಗಳು ಮತ್ತು ಐದು ವರ್ಲ್ಡ್ ಸೀರೀಸ್ ವಿಜಯಗಳು ಇವರ ಹೆಸರಿನಲ್ಲಿವೆ; ತಂಡ 17 ಬಾರಿ ಕೊನೆಯ ಸ್ಥಾನದಲ್ಲಿ ಉಳಿದದ್ದೂ ಇದೆ. ಆಟಗಾರರ ಸಮವಸ್ತ್ರದ ಬದಲು ಸೂಟು ಧರಿಸಿ, ಕೈಯಲ್ಲಿದ್ದ ಅಂಕಪಟ್ಟಿಯನ್ನು ಬೀಸುತ್ತಾ ಸೂಚನೆ ನೀಡುತ್ತಿದ್ದ ಇವರ ಚಿತ್ರ ಜನಮನದಲ್ಲಿ ಉಳಿದಿದೆ. 1937ರಲ್ಲಿ ಇವರನ್ನು ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆ ಮಾಡಲಾಯಿತು. 1953ರಲ್ಲಿ ಶೈಬ್ ಪಾರ್ಕ್‌ಗೆ ‘ಕಾನಿ ಮ್ಯಾಕ್ ಕ್ರೀಡಾಂಗಣ’ ಎಂದು ಹೆಸರಿಡಲಾಯಿತು. ಆದರೆ ಮರುವರ್ಷವೇ ಅವರ ತಂಡ ಊರು ಬಿಟ್ಟಿದ್ದರಿಂದ, 1970ರವರೆಗೆ ಅಲ್ಲಿ ಆಡಿದ್ದು ಫಿಲೀಸ್ ತಂಡ.