ಹಾಲಿನ ಹುಳಿಯ ಗುಟ್ಟು ಕಂಡ ಲೂಯಿ ಪಾಶ್ಚರ್

ಬೆಳ್ಳಿಹಬ್ಬದ ಸಂಚಿಕೆಗೆ ಒಬ್ಬ ದೊಡ್ಡವರ ಜೀವನ ಬರೆದುಕೊಡಬೇಕೆಂದು ಕಾರ್ಯದರ್ಶಿಯವರು ಕೇಳಿದಾಗ ನಮಗೆ ಮೊದಲು ನೆನಪಾದವರು ಪಾಶ್ಚರ್ ಅವರು. ನಾವು ಓದಿರುವುದು ಎಸ್ಸೆಸ್ಸೆಲ್ಸಿ ಮಾತ್ರ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವರು ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸ್ ದೇಶದ ಡೋಲ್ ಎಂಬ ಊರಿನಲ್ಲಿ. ತಂದೆಯವರದು ಚರ್ಮ ಹದ ಮಾಡುವ ಕಸುಬು. 1848ರಲ್ಲಿ, ಇನ್ನೂ ಇಪ್ಪತ್ತೈದರ ಹುಡುಗ, ಟಾರ್ಟಾರಿಕ್ ಆಮ್ಲದ ಉಪ್ಪಿನ ಹರಳುಗಳಲ್ಲಿ ಎರಡು ಜಾತಿ ಕಂಡರು. ವಸ್ತು ಒಂದೇ, ಆದರೆ ಎಡಗೈ ಬಲಗೈ ಇದ್ದ ಹಾಗೆ ಒಂದರ ಮೇಲೊಂದು ಕೂರುವುದಿಲ್ಲ. ಚಿಮಟದಲ್ಲಿ ಒಂದೊಂದೇ ಹರಳು ಆರಿಸಿ ಬೇರೆ ಮಾಡಿದರಂತೆ! ನಮ್ಮ ಹುಣಸೆಹಣ್ಣಿನ ಹುಳಿಯೂ ಇದೇ ಆಮ್ಲ, ಬಲಗೈ ಜಾತಿಯದು.

1856ರಲ್ಲಿ ಲಿಲ್ ಪಟ್ಟಣದಲ್ಲಿ ಮೇಷ್ಟರಾಗಿದ್ದಾಗ, ಬೀಟ್‌ರೂಟಿನಿಂದ ಮದ್ಯ ತೆಗೆಯುವವರೊಬ್ಬರು ಮಾಲೆಲ್ಲಾ ಹುಳಿಯಾಗಿ ಕೆಡುತ್ತಿದೆ ಎಂದು ಬಂದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳ್ಳೆಯದರಲ್ಲಿ ಗುಂಡನೆಯ ಈಸ್ಟ್, ಕೆಟ್ಟದ್ದರಲ್ಲಿ ಬೇರೆಯೇ ಸಣ್ಣ ಜೀವಿ. ಹಾಲಿನ ಹುಳಿಯನ್ನು ಸ್ವೀಡನ್ನಿನ ಷೀಲೆ 1780ರಲ್ಲೇ ಬೇರೆ ತೆಗೆದಿದ್ದರು. ಅದನ್ನು ಮಾಡೋದು ಒಂದು ಜೀವಿ ಅಂತ 1857ರಲ್ಲಿ ತೋರಿಸಿದವರು ಪಾಶ್ಚರ್. ನಮ್ಮ ಹೆಂಗಸರು ಹೆಪ್ಪು ಹಾಕುವಾಗ ಬಿಡುವುದು ಆ ಬಳಗವನ್ನೇ.

ಮಾರನೇ ವರ್ಷ ಎಡಬಲ ಬೆರೆತ ಟಾರ್ಟಾರಿಕ್ ದ್ರಾವಣದಲ್ಲಿ ಬೂಷ್ಟು ಬೆಳೆಸಿದರು. ಅದು ಬಲದ್ದನ್ನು ತಿಂದು ಎಡದ್ದನ್ನು ಹಾಗೇ ಬಿಟ್ಟಿತು, ಕುರಿ ಜಾಲಿಕಾಯಿ ತಿಂದು ಮುಳ್ಳು ಬಿಟ್ಟಂತೆ. ಚಿಮಟದ ಕೆಲಸ ಬೂಷ್ಟು ಮಾಡಿತು. ಹಾಲಿನ ಹುಳಿಯಲ್ಲೂ ಎಡಬಲ ಉಂಟು. ಮುಂದೆ ಬಂದವರು ಅದನ್ನೂ ಹೀಗೇ ಬೇರ್ಪಡಿಸಿದರು. ಈಗ ಒಂದೇ ಜಾತಿ ಹುಳಿ ಕೊಡುವ ಜೀವಿಯನ್ನು ಆರಿಸಿ ಕಾರ್ಖಾನೆಯಲ್ಲಿ ಸಾಕುತ್ತಾರೆ. ಗಾಯದಲ್ಲೇ ಕರಗುವ ಹೊಲಿಗೆ ದಾರಕ್ಕೂ, ಕೊಳೆಯುವ ಪ್ಲಾಸ್ಟಿಕ್ಕಿಗೂ ಅದು ಬೇಕು.

ಒಂದು ಬೇಸಿಗೆ ನಮ್ಮ ಸಂಘದ ಕ್ಯಾನುಗಳು ಹುಳಿ ಎಂದು ವಾಪಸ್ಸು ಬಂದವು. ಲಾರಿ ತಡ ಅಂತ ನಾವೆಲ್ಲ ಡ್ರೈವರನ ಮೇಲೆ ಜಗಳಕ್ಕೆ ಹೋದೆವು. ಆಮೇಲೆ ನೋಡಿದರೆ ಕ್ಯಾನಿನ ಮುಚ್ಚಳದ ಸಂದಿಯಲ್ಲಿ ಹಳೇ ಹಾಲು ಗಟ್ಟಿಯಾಗಿ ಕೂತಿತ್ತು. ಹೆಪ್ಪು ನಾವೇ ಹಾಕಿ ಕಳಿಸಿದ್ದೆವು! ಆ ವಾರ ಎಷ್ಟೋ ಮನೆಗಳಿಗೆ ಬಟವಾಡೆ ಕಡಿಮೆಯಾಯಿತು.

ಕಾಯಿಸಿ ಕೆಡದಂತೆ ಇಡುವ ಉಪಾಯವನ್ನು ಪಾಶ್ಚರ್ 1860ರ ದಶಕದಲ್ಲಿ ಮಾಡಿದ್ದು ದ್ರಾಕ್ಷಾರಸಕ್ಕೆ. ಹಾಲಿಗೆ ತಂದವರು ಬೇರೆಯವರು. ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸುವುದಕ್ಕೆ ಅವರದೇ ಹೆಸರು. 1865ರಿಂದ ರೇಷ್ಮೆ ಹುಳುವಿನ ಗಂಟುರೋಗದ ಹಿಂದೆ ಬಿದ್ದು, ತಾಯಿ ಚಿಟ್ಟೆಯನ್ನು ಪರೀಕ್ಷಿಸಿ ಒಳ್ಳೆ ಮೊಟ್ಟೆ ಮಾತ್ರ ಇಡುವ ಪದ್ಧತಿ ತಂದರು. ನಮ್ಮ ರೇಷ್ಮೆ ರೈತರೂ ಅವರ ಋಣದಲ್ಲಿದ್ದಾರೆ.

ಮನೆಯಲ್ಲಿ ಮಾತ್ರ ಕಷ್ಟ. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಸೋತಿತು. ಆದರೂ 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ತಮ್ಮ ಲಸಿಕೆ ಕೊಡಿಸಿದರು; ಹುಡುಗ ಬದುಕಿದ. ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ಕಾಲವಾದರು. ಸಮಾಧಿ ಪ್ಯಾರಿಸ್ಸಿನಲ್ಲಿ, ಅವರ ಹೆಸರಿನ ಸಂಸ್ಥೆಯೊಳಗೇ ಇದೆ.